ಎಳೆಯುವುದು ಬೇರೆ, ಹೊರುವುದು ಬೇರೆ: ಟ್ರಾವೆಲ್ ಟ್ರೇಲರಿಗೆ ತಕ್ಕ ವಾಹನದ ಲೆಕ್ಕ

ಕಳೆದ ಏಪ್ರಿಲ್‌ನಲ್ಲಿ ಗೆಳೆಯನೊಬ್ಬ ಡೆನ್ವರ್ ಹೊರವಲಯದ ಟ್ರೇಲರ್ ಅಂಗಡಿಯ ಅಂಗಳದಿಂದಲೇ ಫೋನ್ ಮಾಡಿದ. ಹಾಸನದಿಂದ ಅವನ ಅಪ್ಪ ಅಮ್ಮ ಆರು ತಿಂಗಳಿಗೆಂದು ಬರುವವರಿದ್ದರು. ಅವರನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಯೆಲ್ಲೋಸ್ಟೋನ್ ಸುತ್ತಿ ಬರುವ ಆಸೆ. ಅಮ್ಮನಿಗೆ ಹೊರಗಿನ ಊಟ ಸೇರದು. ಹಾಗಾಗಿ ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಟ್ರಾವೆಲ್ ಟ್ರೇಲರ್ ಕೊಂಡು, ಮನೆಯ ಎಸ್‌ಯುವಿಯ ಹಿಂದೆ ಕಟ್ಟಿಕೊಂಡು ಹೊರಡುವುದೆಂದು ತೀರ್ಮಾನವಾಗಿತ್ತು.

"ನಮ್ಮ ಗಾಡಿ ಐದು ಸಾವಿರ ಪೌಂಡ್ ಎಳೆಯುತ್ತದೆ. ಟ್ರೇಲರ್ ತೂಕ ನಾಲ್ಕು ಸಾವಿರದ ಇನ್ನೂರು. ಇನ್ನೂ ಎಂಟುನೂರು ಉಳಿಯುತ್ತದೆ. ಮಾರುವವನೂ ಧಾರಾಳವಾಗಿ ಎಳೆಯುತ್ತದೆ ಎನ್ನುತ್ತಿದ್ದಾನೆ. ಮುಂಗಡ ಕೊಟ್ಟುಬಿಡಲೇ?" ಎಂದ.

ಕೊಡಬೇಡ ಎಂದೆ. ಮೊದಲು ಚಾಲಕನ ಬಾಗಿಲು ತೆಗೆದು, ಬಾಗಿಲ ಕಂಬಕ್ಕೆ ಅಂಟಿಸಿರುವ ಹಳದಿ ಪಟ್ಟೆಯ ಸ್ಟಿಕ್ಕರಿನ ಫೋಟೊ ಕಳುಹಿಸು ಎಂದೆ. ಟೈರಿಗೆ ಎಷ್ಟು ಗಾಳಿ ಹಾಕಬೇಕೆಂದು ಬರೆದಿರುವ ಸ್ಟಿಕ್ಕರ್ ಅದು. ಅದರಲ್ಲೇ ಒಂದು ಸಾಲು, ಕುಳಿತವರ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಹೇಳುತ್ತದೆ. ಇದಕ್ಕೆ ಪೇಲೋಡ್ ಎಂದು ಹೆಸರು. ಗೆಳೆಯನ ಗಾಡಿಯಲ್ಲಿ ಆ ಸಂಖ್ಯೆ 1,350 ಪೌಂಡ್, ಅಂದರೆ 612 ಕಿಲೋ. ಐದು ಸಾವಿರ ಎಂಬುದು ಜಾಹೀರಾತಿನ ಸಂಖ್ಯೆ. ಅವನ ಪ್ರವಾಸದ ಹಣೆಬರಹ ಇದ್ದದ್ದು 1,350ರಲ್ಲಿ.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಎರಡು ಗಾಲಿಯ ಗಾಡಿಗೆ ಹುಲ್ಲು ಹೇರುವಾಗ ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಎತ್ತು ಗಾಡಿಯನ್ನು ಎಳೆಯುವುದು ಒಂದು ಕೆಲಸ, ಮೂಕಿಯ ಭಾರವನ್ನು ಹೆಗಲ ಮೇಲೆ ಹೊರುವುದು ಇನ್ನೊಂದು ಕೆಲಸ. ಟ್ರಾವೆಲ್ ಟ್ರೇಲರಿನದೂ ಇದೇ ಕಥೆ. ಅದರ ಗಾಲಿಗಳು ನಡುವಿಗಿಂತ ತುಸು ಹಿಂದಿರುತ್ತವೆ. ಮುಂದೆ ಚಾಚಿದ ಕಬ್ಬಿಣದ ಮೂತಿ ವಾಹನದ ಹಿಂಬದಿಯ ಹಿಚ್‌ನ, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಯ, ಗುಂಡಿನ ಮೇಲೆ ಕೂರುತ್ತದೆ. ಆ ಮೂತಿ ಗುಂಡನ್ನು ಒತ್ತುವ ತೂಕವನ್ನು ಅಮೆರಿಕದವರು ಟಂಗ್ ವೇಟ್ ಎನ್ನುತ್ತಾರೆ. ನಾನು ಮೂಕಿಭಾರ ಎನ್ನುತ್ತೇನೆ. ತುಂಬಿದ ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮೂಕಿಯ ಮೇಲೆ ಇರಬೇಕು ಎಂಬುದು ಇಲ್ಲಿ ಎಲ್ಲರೂ ಒಪ್ಪಿದ ಅಳತೆ. ಆ ಭಾರ ವಾಹನದ ಪಾಲಿಗೆ ಎಳೆಯುವ ಭಾರವಲ್ಲ, ಹೊರುವ ಭಾರ. ಆದ್ದರಿಂದ ಅದು ಪೇಲೋಡಿನ ಖಾತೆಗೆ ಖರ್ಚು ಬೀಳುತ್ತದೆ.

ಮೊದಲು ಆ 4,200ರ ಸಂಗತಿ. ಅದು ಬರಿದಾದ ಟ್ರೇಲರಿನ ತೂಕ, ಕಾರ್ಖಾನೆಯಿಂದ ಹೊರಬಿದ್ದಾಗಿನದು. ಅದರಲ್ಲಿ ನೀರಿಲ್ಲ, ಪಾತ್ರೆಯಿಲ್ಲ, ಹೊದಿಕೆಯಿಲ್ಲ. ಬ್ಯಾಟರಿ ಸಾಮಾನ್ಯವಾಗಿ ಸೇರಿರುವುದಿಲ್ಲ, ಗ್ಯಾಸ್ ಸಿಲಿಂಡರ್ ಕೂಡ ಹಲವು ಬಾರಿ ಲೆಕ್ಕದ ಹೊರಗೇ ಇರುತ್ತದೆ. ಬರಿದಾದ ಟ್ರೇಲರನ್ನು ಎಳೆದುಕೊಂಡು ಪ್ರವಾಸ ಹೋಗುವವರು ಯಾರು? ನಾವಿಬ್ಬರೂ ಫೋನಿನಲ್ಲೇ ಕೂಡಿಸುತ್ತಾ ಹೋದೆವು. ಮೂವತ್ತು ಗ್ಯಾಲನ್ ನೀರು ತುಂಬಿಸಿದರೆ 250 ಪೌಂಡ್, ಏಕೆಂದರೆ ಅಮೆರಿಕದ ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ. ತುಂಬಿದ ಎರಡು ಸಣ್ಣ ಗ್ಯಾಸ್ ಸಿಲಿಂಡರಿಗೆ 75. ಬ್ಯಾಟರಿಗೆ 55. ಇನ್ನು ಸಂಸಾರ: ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ, ಎರಡು ಕುಕ್ಕರ್, ಇಡ್ಲಿ ಪಾತ್ರೆ, ಆರು ಜನರ ಹಾಸಿಗೆ ಬಟ್ಟೆ, ಮಡಚುವ ಕುರ್ಚಿಗಳು, ನೀರಿನ ಪೈಪು, ಚರಂಡಿ ಪೈಪು, ಟ್ರೇಲರ್ ಸಮ ಮಾಡಲು ಚಕ್ರದಡಿ ಇಡುವ ಹಲಗೆಗಳು, ಉಪಕರಣದ ಪೆಟ್ಟಿಗೆ. ಇದಕ್ಕೆಲ್ಲ 520 ಎಂದು ಹಿಡಿದೆವು. ನಮ್ಮವರು ಕಟ್ಟುವ ಗಂಟುಮೂಟೆ ಗೊತ್ತಿದ್ದವರಿಗೆ ಇದು ಕಡಿಮೆಯೆಂದೇ ಅನ್ನಿಸೀತು. ಒಟ್ಟು 5,100. ಎಂಟುನೂರು ಉಳಿಯುವುದಿರಲಿ, ನೂರು ಪೌಂಡ್ ಮೀರಿಯಾಗಿತ್ತು.

ಈ ಕೂಡುವ ತಾಪತ್ರಯವೇ ಬೇಡವೆಂದರೆ ಟ್ರೇಲರಿನ ಹೊರಗೋಡೆಯ ಎಡ ಮುಂಭಾಗದಲ್ಲಿರುವ ಸ್ಟಿಕ್ಕರ್ ನೋಡಬೇಕು. ಅದರಲ್ಲಿ ಜಿವಿಡಬ್ಲ್ಯುಆರ್ ಎಂಬ ಸಂಖ್ಯೆಯಿರುತ್ತದೆ. ತುಂಬಿದ ಟ್ರೇಲರ್ ಎಂದೂ ಮೀರಬಾರದ ಗರಿಷ್ಠ ತೂಕ ಅದು. ಗೆಳೆಯ ಕಣ್ಣು ಹಾಕಿದ್ದ ಟ್ರೇಲರಿನಲ್ಲಿ ಅದು 5,500. ಲೆಕ್ಕಕ್ಕೆ ಯಾವಾಗಲೂ ಈ ಸಂಖ್ಯೆಯನ್ನೇ ಹಿಡಿಯಬೇಕೆಂಬುದು ನನ್ನ ಹಟ. ಮೊದಲ ಪ್ರವಾಸಕ್ಕೆ ಎಷ್ಟೇ ಹಗುರಾಗಿ ಹೊರಟರೂ ಮೂರನೆಯ ಬೇಸಿಗೆಯ ಹೊತ್ತಿಗೆ ಟ್ರೇಲರ್ ತನ್ನ ಗರಿಷ್ಠ ತೂಕದ ಹತ್ತಿರಕ್ಕೆ ಬಂದು ನಿಂತಿರುತ್ತದೆ.

ಈಗ ಹೊರುವ ಖಾತೆ. ಆ 5,500 ಬಿಟ್ಟು ನಾವು ಕೂಡಿಸಿದ 5,100ನ್ನೇ ಹಿಡಿದರೂ ನೂರಕ್ಕೆ ಹದಿಮೂರರಂತೆ ಮೂಕಿಭಾರ 663 ಪೌಂಡ್. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 460. ಅಪ್ಪ ಅಮ್ಮನಿಗೆ 280. ಹಿಚ್‌ನ ಕಬ್ಬಿಣದ ಸಾಮಾನಿಗೆ 80. ಡಿಕ್ಕಿಯಲ್ಲಿಡುವ ಚೀಲಗಳಿಗೆ 150. ಕೂಡಿಸಿದರೆ 1,633. ಗಾಡಿ ಹೊರಬಲ್ಲದ್ದು 1,350. ಹೆಚ್ಚಾದ 283 ಪೌಂಡೆಂದರೆ ಅಪ್ಪ ಅಮ್ಮ ಇಬ್ಬರನ್ನೂ ಮನೆಯಲ್ಲೇ ಬಿಟ್ಟು ಹೋದಷ್ಟು. ಯಾರಿಗಾಗಿ ಪ್ರವಾಸವೋ ಅವರಿಗೇ ಜಾಗವಿಲ್ಲ.

ಇದಕ್ಕಿಂತ ಬಿಗಿಯಾದ ಇನ್ನೊಂದು ಗಂಟಿದೆ. ಹಿಚ್ ಎಷ್ಟು ಮೂಕಿಭಾರ ತಡೆಯುತ್ತದೆ ಎಂಬುದಕ್ಕೂ ಮಿತಿ ಇರುತ್ತದೆ. ಅದನ್ನು ಹಿಚ್‌ನ ಮೇಲೆಯೇ ಅಚ್ಚು ಹಾಕಿರುತ್ತಾರೆ, ವಾಹನದ ಕೈಪಿಡಿಯಲ್ಲೂ ಬರೆದಿರುತ್ತಾರೆ. ಐದು ಸಾವಿರ ಎಳೆಯುವ ಮೂರು ಸಾಲು ಆಸನದ ಎಸ್‌ಯುವಿಗಳಲ್ಲಿ ಇದು ಸಾಮಾನ್ಯವಾಗಿ 500 ಪೌಂಡ್, ಎಳೆಯುವ ಮಿತಿಯ ಹತ್ತನೆಯ ಒಂದು ಪಾಲು. ಆದರೆ ಟ್ರಾವೆಲ್ ಟ್ರೇಲರ್ ನೆಟ್ಟಗೆ ಓಡಬೇಕಾದರೆ ಹತ್ತು ಭಾಗ ಅಂಚಿನ ಲೆಕ್ಕ, ಹದಿಮೂರು ಇದ್ದರೆ ನೆಮ್ಮದಿ. ಹದಿಮೂರು ಭಾಗಕ್ಕೆ 500 ಪೌಂಡ್ ಬರಬೇಕಾದರೆ ಟ್ರೇಲರ್ ಸುಮಾರು 3,850 ಪೌಂಡ್ ಇರಬೇಕು. ಐದು ಸಾವಿರವೆಂದು ಸಾರುವ ಗಾಡಿಯ ನಿಜವಾದ ಯೋಗ್ಯತೆ, ಟ್ರಾವೆಲ್ ಟ್ರೇಲರಿನ ಮಟ್ಟಿಗೆ, ನಾಲ್ಕು ಸಾವಿರದ ಒಳಗೆ.

ಹಾಗಿದ್ದರೆ ಸಾಮಾನನ್ನೆಲ್ಲ ಹಿಂದಕ್ಕೆ ಸರಿಸಿ ಮೂಕಿಭಾರ ಇಳಿಸಿದರಾಯಿತಲ್ಲ ಎಂದು ಗೆಳೆಯ ಕೇಳಿದ. ಎಲ್ಲರಿಗೂ ಹೊಳೆಯುವ ಉಪಾಯ ಇದು, ಅಷ್ಟೇ ಅಪಾಯದ್ದು ಕೂಡ. ಆಟದ ಕಾರಿಗೆ ಪುಟ್ಟ ಟ್ರೇಲರ್ ಸಿಕ್ಕಿಸಿ, ಓಡುವ ಬೆಲ್ಟಿನ ಮೇಲೆ ಬಿಟ್ಟು ತೋರಿಸುವ ಪ್ರಯೋಗವೊಂದಿದೆ. ತೂಕವನ್ನು ಟ್ರೇಲರಿನ ಮುಂದಿಟ್ಟಾಗ ಬೆರಳಿನಿಂದ ತಳ್ಳಿದರೂ ಅದು ಒಂದೆರಡು ಸಲ ಹೊಯ್ದಾಡಿ ನೆಟ್ಟಗಾಗುತ್ತದೆ. ಅದೇ ತೂಕವನ್ನು ಹಿಂದಕ್ಕಿಟ್ಟು ತಳ್ಳಿದರೆ ತೂಗಾಟ ಪ್ರತಿ ಸುತ್ತಿಗೂ ಹಿಗ್ಗುತ್ತದೆ. ನಾಯಿ ಬಾಲ ಅಲ್ಲಾಡಿಸುವ ಬದಲು ಬಾಲವೇ ನಾಯಿಯನ್ನು ಅಲ್ಲಾಡಿಸಲು ತೊಡಗಿ, ಕೊನೆಗೆ ಕಾರೂ ಟ್ರೇಲರೂ ಒಟ್ಟಿಗೆ ಮಗುಚುತ್ತವೆ. ಒಂದು ವೇಗದ ತನಕ ಟೈರುಗಳ ಹಿಡಿತ ಈ ಓಲಾಟವನ್ನು ಅಡಗಿಸುತ್ತದೆ, ಅದನ್ನು ದಾಟಿದರೆ ಬೆಳೆಸುತ್ತದೆ. ಹಿಂಭಾರ ಹೆಚ್ಚಿದಷ್ಟೂ ಆ ವೇಗ ಕೆಳಕ್ಕಿಳಿಯುತ್ತದೆ. ಅಂಗಡಿ ಅಂಗಳದಲ್ಲಿ, ಊರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದು ಅದರ ಗಾಳಿ ಬಡಿದಾಗ ಗೊತ್ತಾಗುತ್ತದೆ. ಆಗ ವಾಹನದ ಬ್ರೇಕ್ ಒತ್ತಬಾರದು, ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಡ್ಯಾಶ್‌ಬೋರ್ಡಿನ ಬ್ರೇಕ್ ಕಂಟ್ರೋಲರಿನಲ್ಲಿರುವ ಸಣ್ಣ ಹಿಡಿಯನ್ನು ಒತ್ತಿ ಟ್ರೇಲರಿನ ಬ್ರೇಕುಗಳನ್ನು ಮಾತ್ರ ಹಿಡಿಸಬೇಕು. ಹಿಂದಿನಿಂದ ಎಳೆದಂತಾಗಿ ಎರಡೂ ಒಂದೇ ಗೆರೆಗೆ ಬರುತ್ತವೆ. ಈ ಹಿಡಿ ಎಲ್ಲಿದೆ ಎಂದು ಕೈಗೆ ಅಭ್ಯಾಸವಾಗುವ ತನಕ ಹೆದ್ದಾರಿ ಹತ್ತಬಾರದು.

ನೀರಿನ ಟ್ಯಾಂಕು ಎಲ್ಲಿದೆ ಎಂಬುದನ್ನೂ ಕೇಳಿ ತಿಳಿಯಬೇಕು. ಗಾಲಿಗಳಿಗಿಂತ ಹಿಂದಿದ್ದರೆ ಟ್ಯಾಂಕು ತುಂಬಿಸಿದಷ್ಟೂ ಮೂಕಿಭಾರ ಇಳಿಯುತ್ತದೆ, ಮುಂದಿದ್ದರೆ ಏರುತ್ತದೆ. ಒಂದೇ ಟ್ರೇಲರ್ ಬೆಳಿಗ್ಗೆ ಸಾಧುವಾಗಿದ್ದು ಸಂಜೆ ಹಟಮಾರಿಯಾಗುವುದರ ಹಿಂದೆ ಕೆಲವೊಮ್ಮೆ ಇಷ್ಟೇ ಕಾರಣ. ಬ್ರಿಟನ್ನಿನಲ್ಲಿರುವ ನಮ್ಮವರು ಅಲ್ಲಿ ಐದರಿಂದ ಏಳು ಭಾಗ ಸಾಕೆನ್ನುತ್ತಾರಲ್ಲ ಎಂದು ಕೇಳಬಹುದು. ಅಲ್ಲಿನ ಕ್ಯಾರವಾನ್‌ಗಳು ಹಗುರ, ಭಾರದ ಸಾಮಾನನ್ನು ಗಾಲಿಗಳ ನೇರಕ್ಕೆ ಕೂಡಿಸಿ ಕಟ್ಟಿರುತ್ತಾರೆ, ವೇಗದ ಮಿತಿಯೂ ಗಂಟೆಗೆ 60 ಮೈಲಿ. ಆ ಅಳತೆಯನ್ನು ಅಮೆರಿಕದ ಉದ್ದನೆಯ ಟ್ರೇಲರಿಗೆ ಹಚ್ಚುವಂತಿಲ್ಲ.

ಇನ್ನು ಮೂಕಿಭಾರ ವಾಹನಕ್ಕೆ ಏನು ಮಾಡುತ್ತದೆ ಎಂದು ನೋಡಬೇಕಾದರೆ ಮಂಡ್ಯದ ಕಡೆ ಕಬ್ಬಿನ ಹಂಗಾಮಿನಲ್ಲಿ ರಸ್ತೆ ಬದಿ ನಿಂತರೆ ಸಾಕು. ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಏಳುವುದನ್ನು ಕಂಡವರಿದ್ದಾರೆ. ಹಿಂದೆ ಭಾರ ಹೇರಿದರೆ ಮುಂದೆ ಹಗುರಾಗುತ್ತದೆ, ಹಗುರಾದ ಗಾಲಿ ತಿರುಗಿಸಿದತ್ತ ತಿರುಗುವುದಿಲ್ಲ, ಬ್ರೇಕೂ ಕಚ್ಚುವುದಿಲ್ಲ. ಕಾರಿನಲ್ಲಿ ಗಾಲಿ ಏಳುವುದಿಲ್ಲ, ಆದರೆ ನಷ್ಟ ಅದೇ ಬಗೆಯದು. ನನ್ನ ಪಿಕಪ್ ಮತ್ತು ಟ್ರೇಲರಿನ ತೂಕದ ಚೀಟಿಗಳು ನನ್ನ ಬಳಿಯಿವೆ. ಒಂಟಿ ಪಿಕಪ್, ಸಂಸಾರ ಸಮೇತ: ಮುಂದಿನ ಗಾಲಿಗಳ ಮೇಲೆ 3,160, ಹಿಂದಿನವುಗಳ ಮೇಲೆ 2,640. ಟ್ರೇಲರ್ ಕಟ್ಟಿದ ಮೇಲೆ ಮುಂದೆ 2,840, ಹಿಂದೆ 3,680, ಟ್ರೇಲರಿನ ಗಾಲಿಗಳ ಮೇಲೆ 4,780. ಪಿಕಪ್ ಹೊತ್ತ ಹೆಚ್ಚುವರಿ ಭಾರ 720, ಅದೇ ಮೂಕಿಭಾರ. ಆದರೆ ಹಿಂದಿನ ಗಾಲಿಗಳ ಮೇಲೆ ಬಿದ್ದದ್ದು 1,040. ಮುಂದಿನಿಂದ 320 ಎತ್ತಿ ಹಿಂದಕ್ಕೆ ಸುರಿದಂತಾಯಿತು. ಹಿಚ್ ಹಿಂದಿನ ಗಾಲಿಗಿಂತ ಆಚೆಗಿರುವುದರಿಂದ ಅದು ಮೀಟುಗೋಲಿನಂತೆ ಕೆಲಸ ಮಾಡುತ್ತದೆ.

ಇದನ್ನು ಸರಿದೂಗಿಸಲು ಭಾರ ಹಂಚುವ ಹಿಚ್ ಎಂಬ ಸಲಕರಣೆಯಿದೆ. ಗುಂಡಿನ ಎರಡೂ ಪಕ್ಕದಿಂದ ಹಿಂದಕ್ಕೆ ಚಾಚುವ ಎರಡು ಸ್ಪ್ರಿಂಗ್ ಉಕ್ಕಿನ ಸರಳುಗಳನ್ನು ಟ್ರೇಲರಿನ ಚೌಕಟ್ಟಿಗೆ ಬಿಗಿದು ಎತ್ತುತ್ತಾರೆ. ಕೈಗಾಡಿಯ ಹಿಡಿಗಳನ್ನು ಹಿಡಿದೆತ್ತಿದರೆ ಭಾರ ಅದರ ಗಾಲಿಯತ್ತ ಸರಿಯುವುದಿಲ್ಲವೇ, ಹಾಗೆ ಇಲ್ಲಿಯೂ ಸ್ವಲ್ಪ ಭಾರ ವಾಹನದ ಮುಂದಿನ ಗಾಲಿಗಳಿಗೆ, ಸ್ವಲ್ಪ ಟ್ರೇಲರಿನ ಗಾಲಿಗಳಿಗೆ ಹೋಗುತ್ತದೆ. ಸರಳು ಬಿಗಿದ ಮೇಲೆ ನನ್ನ ಚೀಟಿ 3,040, 3,360, 4,900 ಎಂದಿತು. ಮೂರೂ ಸಾಲಿನ ಮೊತ್ತ ಹಿಂದಿನಂತೆಯೇ 11,300. ಮುಂದೆ ಕಳೆದುಹೋಗಿದ್ದ 320ರಲ್ಲಿ 200 ಮರಳಿ ಬಂದಿತ್ತು. ಆದರೆ ಈ ಹಿಚ್ ಹಾಕಿದರೆ ಪೇಲೋಡ್ ಹೆಚ್ಚುತ್ತದೆ ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಬಾಗಿಲ ಸ್ಟಿಕ್ಕರಿನ ಸಂಖ್ಯೆ ಯಾವ ಸಲಕರಣೆಗೂ ಬದಲಾಗುವುದಿಲ್ಲ. ಕೆಲವು ವಾಹನಗಳ ಕೈಪಿಡಿ ಇಂಥ ಹಿಚ್ ಬಳಸಲೇಬಾರದೆನ್ನುತ್ತದೆ, ಇನ್ನು ಕೆಲವು ಇದಿಲ್ಲದೆ ಇಷ್ಟಕ್ಕಿಂತ ಹೆಚ್ಚು ಎಳೆಯಬೇಡಿ ಎನ್ನುತ್ತವೆ. ಕೈಪಿಡಿ ಓದದೆ ವಿಧಿಯಿಲ್ಲ.

ಆ ಐದು ಸಾವಿರವನ್ನು ತಯಾರಕರು ಎಲ್ಲಿಂದ ತರುತ್ತಾರೆ? ಬಹಳ ವರ್ಷ ಒಬ್ಬೊಬ್ಬರದು ಒಂದೊಂದು ಮಾಪನವಾಗಿತ್ತು. ಆಮೇಲೆ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ಜೆ2807 ಎಂಬ ಮಾನದಂಡ ರೂಪಿಸಿತು. 2011ರ ಮಾದರಿಗಳಿಂದ ಮೊದಲು ಅಳವಡಿಸಿಕೊಂಡದ್ದು ಟೊಯೊಟಾ, ಉಳಿದವರು ಮೆಲ್ಲಗೆ ಹಿಂದೆ ಬಂದರು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯಿಂದ ಹೊರಡುವ 68ನೇ ಹೆದ್ದಾರಿಯಲ್ಲಿ ಸುಮಾರು 11 ಮೈಲಿ ಉದ್ದದ, 3,000 ಅಡಿ ಏರುವ ದಾರಿಯೊಂದಿದೆ. ಈ ಮಾನದಂಡದ ಪ್ರಕಾರ ವಾಹನ ಆ ಸುಡು ಬಿಸಿಲಿನಲ್ಲಿ, ಟ್ರೇಲರ್ ಎಳೆಯುತ್ತಾ, ಎಸಿ ಪೂರ್ತಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಏರಬೇಕು. ಕಠಿಣ ಪರೀಕ್ಷೆಯೇ. ಆದರೆ ಕಾರಿನೊಳಗೆ ಇರುವರೆಂದು ಅದು ಭಾವಿಸುವುದು ತಲಾ 150 ಪೌಂಡಿನ ಇಬ್ಬರನ್ನು. ಅಜ್ಜ, ಅಜ್ಜಿ, ಮಕ್ಕಳು, ಅಕ್ಕಿ ಚೀಲ ಅದರಲ್ಲಿಲ್ಲ. ಹೆಚ್ಚುವರಿ ಪ್ರಯಾಣಿಕರ ತೂಕವನ್ನು ಎಳೆಯುವ ಮಿತಿಯಿಂದಲೇ ಕಳೆಯುವ ಪಟ್ಟಿಯನ್ನು ಕೆಲವು ಕೈಪಿಡಿಗಳು ಕೊಡುತ್ತವೆ.

ಕೊಲೊರಾಡೊದಲ್ಲಿರುವವರಿಗೆ ಇನ್ನೊಂದು ಕಳೆಯುವ ಲೆಕ್ಕವಿದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 70ನೇ ಅಂತರರಾಜ್ಯ ಹೆದ್ದಾರಿಯ ಐಸನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ಅಲ್ಲಿಗೆ ತಲುಪುವಾಗ ಇಂಜಿನ್ನಿನ ಮೂರನೆಯ ಒಂದು ಪಾಲು ಶಕ್ತಿ ಗಾಳಿಯಲ್ಲೇ ಹೋಗಿರುತ್ತದೆ. ಆದರೂ ನನಗೆ ಏರಿಗಿಂತ ಇಳಿಜಾರಿನದೇ ಚಿಂತೆ. ಏರುವಾಗ ಶಕ್ತಿ ಸಾಲದಿದ್ದರೆ ನಿಧಾನವಾಗುತ್ತದೆ, ಅಷ್ಟೇ. ಇಳಿಯುವಾಗ ಬ್ರೇಕ್ ಕಾದು ಕೈಕೊಟ್ಟರೆ ನಿಧಾನ ಮಾಡಲು ಏನೂ ಉಳಿಯುವುದಿಲ್ಲ. ಇಂಜಿನ್ನನ್ನು ಕೆಳ ಗೇರಿನಲ್ಲಿ ಹಿಡಿದು ಇಳಿಸಬೇಕು, ಟ್ರೇಲರಿಗೆ ಅದರದೇ ವಿದ್ಯುತ್ ಬ್ರೇಕ್ ಇರಬೇಕು. ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ, ಕ್ಯಾಲಿಫೋರ್ನಿಯಾದಲ್ಲಿ 1,500ಕ್ಕೇ ಕಡ್ಡಾಯ. ಅಲ್ಲಿ ಏನನ್ನೇ ಎಳೆಯುತ್ತಿದ್ದರೂ ವೇಗ 55 ಮೈಲಿ ದಾಟುವಂತಿಲ್ಲ.

ವಾಹನ ಬದಲಿಸಿದರೆ ಎಲ್ಲ ಪರಿಹಾರವೇ? ಪಿಕಪ್ ಕೊಂಡರೂ ಸ್ಟಿಕ್ಕರ್ ಓದಬೇಕು. ಒಂದೇ ಹೆಸರಿನ, ಒಂದೇ ವರ್ಷದ ಎರಡು ಪಿಕಪ್‌ಗಳ ಪೇಲೋಡಿನಲ್ಲಿ ಐನೂರು ಪೌಂಡ್ ಅಂತರವಿರಬಹುದು. ಗಾಜಿನ ಛಾವಣಿ, ವಿದ್ಯುತ್ ಆಸನಗಳು, ದೊಡ್ಡ ಚಕ್ರಗಳು ಇವೆಲ್ಲ ಅದೇ ಖಾತೆಯಿಂದ ಕಳೆಯುತ್ತವೆ. ಅತಿ ದುಬಾರಿ ಮಾದರಿ ಅತಿ ಕಡಿಮೆ ಹೊರುವುದು ಇಲ್ಲಿ ಸಾಮಾನ್ಯ. ಮುಕ್ಕಾಲು ಟನ್ ಎಂದು ರೂಢಿಯಲ್ಲಿ ಕರೆಯುವ ದೊಡ್ಡ ದರ್ಜೆಯ ಡೀಸೆಲ್ ಪಿಕಪ್ ಹದಿನೈದು ಸಾವಿರಕ್ಕೂ ಮೀರಿ ಎಳೆಯುತ್ತೇನೆಂದು ಎದೆ ತಟ್ಟಿದರೂ, ಆ ಇಂಜಿನ್ನಿನ ತೂಕವನ್ನು ತಾನೇ ಹೊತ್ತು ಪೇಲೋಡಿನಲ್ಲಿ ಎರಡು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ವಿದ್ಯುತ್ ಪಿಕಪ್‌ಗಳು ಎಳೆಯುವುದರಲ್ಲಿ ಗಟ್ಟಿಗರು, ರಿವಿಯನ್ ಆರ್1ಟಿ 11,000 ಪೌಂಡ್ ಎಳೆಯುತ್ತದೆ, ಆದರೆ ಎದುರುಗಾಳಿಗೆ ಗೋಡೆಯಂತೆ ನಿಲ್ಲುವ ಟ್ರೇಲರ್ ಕಟ್ಟಿದರೆ ಚಾರ್ಜು ಅರ್ಧ ದಾರಿಗೆ ಮುಗಿಯುತ್ತದೆ. ಇನ್ನು ನಮ್ಮವರ ಮನೆಮನೆಯ ಸಿಯೆನ್ನಾ, ಒಡಿಸ್ಸಿ ವ್ಯಾನುಗಳು 3,500ಕ್ಕೆ ನಿಲ್ಲುತ್ತವೆ. ಅವುಗಳಿಗೆ ಒಪ್ಪುವುದು ಮಿನೆಸೋಟಾದಲ್ಲಿ ತಯಾರಾಗುವ 13 ಅಡಿಯ ಸ್ಕ್ಯಾಂಪ್‌ನಂಥ ಫೈಬರ್‌ಗ್ಲಾಸ್ ಗೂಡುಗಳು. ಇಬ್ಬರಿಗೆ ಹೇಳಿ ಮಾಡಿಸಿದ್ದು.

ತೂಕ ಹಾಕಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಹೆದ್ದಾರಿಯ ಲಾರಿ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಎತ್ತರದ ಫಲಕ ಕಾಣುತ್ತದೆ. 1977ರಲ್ಲಿ ಅಯೋವಾದಲ್ಲಿ ಶುರುವಾದ ಕಂಪನಿ ಅದು. ಲಾರಿಗಳ ನಡುವೆ ಸರದಿಯಲ್ಲಿ ನಿಲ್ಲಲು ಮೊದಲ ಸಲ ಸಂಕೋಚವಾಗುತ್ತದೆ. ಮುಂದಿನ ಗಾಲಿ ಮೊದಲ ತಟ್ಟೆಯ ಮೇಲೆ, ಹಿಂದಿನವು ಎರಡನೆಯದರ ಮೇಲೆ, ಟ್ರೇಲರಿನವು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ, ಗುಂಡಿ ಒತ್ತಿ ಒಳಗಿನವರಿಗೆ ಹೇಳಿದರೆ ಚೀಟಿ ಸಿದ್ಧ. ಒಂದು ಸಲ ಸರಳು ಬಿಗಿದು, ಒಂದು ಸಲ ಸಡಿಲಿಸಿ, ಒಂದು ಸಲ ಟ್ರೇಲರ್ ಬಿಚ್ಚಿಟ್ಟು ತೂಗಿಸಿದರೆ ನಾನು ಮೇಲೆ ಕೊಟ್ಟ ಸಂಖ್ಯೆಗಳೆಲ್ಲ ನಿಮ್ಮ ಕೈಯಲ್ಲೂ ಇರುತ್ತವೆ.

ಗೆಳೆಯ ಮುಂಗಡ ಕೊಡಲಿಲ್ಲ. ಮೂರು ವಾರ ಹುಡುಕಿ, 3,800 ಪೌಂಡ್ ಜಿವಿಡಬ್ಲ್ಯುಆರ್ ಇರುವ ಸಣ್ಣ ಟ್ರೇಲರೊಂದನ್ನು ಹಿಡಿದ. ಮೂಕಿಭಾರ 495. ಡಿಕ್ಕಿಯ ಚೀಲಗಳನ್ನು ಆ 3,800ರ ಒಳಗೇ ಹೊಂದಿಸಿ ಟ್ರೇಲರಿಗೆ ಸಾಗಿಸಿದ. ಹಿರಿಯರಿಗೆ ಮಂಚ, ಮಕ್ಕಳಿಗೆ ಹೊರಗೆ ಟೆಂಟು. ಹೊರಡುವ ಹಿಂದಿನ ರಾತ್ರಿ ಮತ್ತೆ ಫೋನ್ ಬಂತು. ಆರು ಜನ, ಹಿಚ್, ಮೂಕಿಭಾರ ಕೂಡಿಸಿ 1,315 ಆಗಿದೆ, ಬಾಗಿಲ ಸ್ಟಿಕ್ಕರಿನ ಪ್ರಕಾರ ಇನ್ನು ಮೂವತ್ತೈದು ಪೌಂಡ್ ಉಳಿದಿದೆ ಎಂದ. ಹಿಂದಿನಿಂದ ಅವನ ಅಮ್ಮನ ದನಿ ಕೇಳುತ್ತಿತ್ತು, ಗ್ರೈಂಡರ್ ಎಷ್ಟು ತೂಗುತ್ತದೆ ಕೇಳು ಎಂದು.